ಪ್ರಾಜೆಕ್ಟ್ ಬರೆಯುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕಳಿಸಿದ ಡ್ರಾಫ್ಟ್‌ಗಳನ್ನು ಓದಿದೆ. ಒಂದೆರಡು ಪದಗಳಲ್ಲಿ ಎಲ್ಲರೂ ಎಡವಿದ್ದೀರಿ.

ಮೊದಲು ಸರಾಸರಿ. ಮಲ್ಪೆ ಬಂದರಿನಲ್ಲಿ ಐದು ಜನರ ದಿನದ ಸಂಪಾದನೆ ಕೇಳಿದಿರಿ ಅಂತಿಟ್ಟುಕೊಳ್ಳಿ: 600, 700, 700, 800, ಐದನೆಯವರು ಬೋಟಿನ ಯಜಮಾನರು, 17,200. ಸರಾಸರಿ 4,000 ರೂಪಾಯಿ! ಅಷ್ಟು ಸಿಗುವವರು ಅಲ್ಲಿ ಒಬ್ಬರೂ ಇಲ್ಲ, ಅಲ್ವಾ? ಸಾಲಾಗಿ ಜೋಡಿಸಿದಾಗ ನಡುವೆ ಬರುವ 700, ಅದೇ ಮೀಡಿಯನ್. ಆದಾಯದ ವಿಷಯಕ್ಕೆ ಅದನ್ನೇ ಕೊಡಿ.

ಪಿ-ವ್ಯಾಲ್ಯೂ 0.03 ಬಂದರೆ 'ನಮ್ಮ ಊಹೆ 97% ಸರಿ' ಅಂತ ಬರೆಯಬೇಡಿ. ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿ ಕಾಣುವ ಸಾಧ್ಯತೆ 3% ಅಂತ ಮಾತ್ರ ಅರ್ಥ. ಪಿ-ವ್ಯಾಲ್ಯೂ ಇದಕ್ಕಿಂತ ಕಡಿಮೆ ಬಂದರೆ ಫಲಿತಾಂಶ ಗಣನೀಯ ಅನ್ನುವ 0.05ರ ಗೆರೆಯೂ ದೇವರು ಎಳೆದದ್ದಲ್ಲ, 1925ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್ ಅನುಕೂಲಕ್ಕೆಂದು ಬಳಕೆಗೆ ತಂದದ್ದು.

ಹಾಗೇ, ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರನ್ನು ಕೇಳಿದರೆ ಅದು ಎಲ್ಲರಿಗೂ ಆಯ್ಕೆಯಾಗುವ ಸಮಾನ ಅವಕಾಶವಿರುವ ರ್‍ಯಾಂಡಮ್ ಸ್ಯಾಂಪಲ್ ಆಗುವುದಿಲ್ಲ. ನಾನೂ ಓದುವಾಗ ಹಾಗೇ ಬರೆದು ವೈವಾದಲ್ಲಿ ಬೈಸಿಕೊಂಡವನೇ.

ತಿದ್ದಿದ ಪ್ರತಿ ಶನಿವಾರದೊಳಗೆ ಇಲ್ಲೇ ಹಾಕಿ. ಟೇಬಲ್‌ಗಳ ಫೋಟೋ ಬೇಡ, ಫೈಲ್ ಕಳಿಸಿ.