ಮಾತಿನ ಸಿನಿಮಾಕ್ಕ ನಮ್ಮ ಮಂದಿ ಕುಂದ್ರತಾರ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಬರೀ ಮಾತುಕತಿ ಇರೋ ಸಿನಿಮಾ ನಮ್ಮ ಮಂದಿ ನೋಡಂಗಿಲ್ಲ, ಫೈಟ್ ಇಲ್ಲ ಹಾಡಿಲ್ಲ ಅಂದ್ರ ಅರ್ಧಕ್ಕೇ ಎದ್ದು ಹೋಗ್ತಾರ, ಅದ್ರಾಗೂ ಕಲಬುರಗಿ ಯಾದಗಿರಿ ಕಡೆ ಅಂಥಾವು ನಡೆಯೋದೇ ಇಲ್ಲ ಅಂತ ಸಿನಿಮಾ ಬಗ್ಗೆ ಮಾತಾಡೋರು ಹೇಳ್ತಾನೇ ಇರ್ತಾರ. ಇದನ್ನ ನಾ ಒಪ್ಪಂಗಿಲ್ರಿ.

ಹಳ್ಳಿಯೊಳಗ ಅಣ್ತಮ್ಮರ ಹೊಲದ ಪಾಲಿಂದು ಪಂಚಾಯ್ತಿ ಕೂಡಿದ್ದು ನೋಡಿದವ್ರಿಗೆ ಗೊತ್ತದ. ಹಣಮಂದೇವ್ರ ಗುಡಿ ಕಟ್ಟಿ ಮ್ಯಾಲ ಹಿರ್ಯಾರು ಕುಂತಿರ್ತಾರ, ಸಂಬಂಧ ಇದ್ದವ್ರು ಇಲ್ಲದವ್ರು ಎಲ್ಲಾ ಸುತ್ತ ನಿಂತಿರ್ತಾರ, ಉಣ್ಣಾಕ ಕರಿಲಾಕ ಬಂದ ಹುಡುಗ್ರೂ ಅಲ್ಲೇ ನಿಂತುಬಿಡ್ತಾವ. ಅಲ್ಲಿ ಏನದ, ಮಾತೇ ಅಲ್ಲೇನ್ರಿ? ಆದ್ರ ಯಾರು ಮಣೀತಾರ ಅನ್ನೋದು ಯಾರಿಗೂ ಗೊತ್ತಿರಂಗಿಲ್ಲ, ಅದಕ್ಕ ಯಾರೂ ಹೋಗಂಗಿಲ್ಲ. ನಾ ನೋಡಿದ ಒಂದು ಪಂಚಾಯ್ತಿಯೊಳಗ ತಮ್ಮನಾದಾಂವ ಬಾವಿ ನೀರಿನ ಬಗ್ಗೆ ಜೋರು ಮಾಡ್ಕೋತ ಇದ್ದ, ನಡುವ ಒಬ್ಬ ಮುದುಕಿ "ಅವ್ವನ ಬಾಯಾಗ ಕಡೀಗೆ ನೀರು ಬಿಟ್ಟಾಂವ ಯಾರೋ?" ಅಂದ್ಲು. ಅಂವ ಹೆಗಲ ಮ್ಯಾಲಿನ ಟವೆಲ್ ತೆಗೆದು ಮಡಚಿದ, ಬಿಚ್ಚಿ ಮತ್ತ ಮಡಚಿದ, ಉತ್ತರ ಕೊಡ್ಲಿಲ್ಲ. ಹಿಂದ ನಿಂತವ್ರಿಗೆ ಅದು ಕಾಣ್ಲೇ ಇಲ್ಲ, ಏನಾತು ಏನಾತು ಅಂತ ಕೇಳ್ಕೋತ ಇದ್ರು.

ಕ್ಯಾಮೆರಾ ಬೇಕಾಗೋದು ಇಲ್ಲೇ ನೋಡ್ರಿ. ಮಾತಾಡವ್ನ ಬಾಯಿ ತೋರ್ಸಾಕ ಅಲ್ಲ, ಕೇಳವ್ನ ಮಾರಿ ತೋರ್ಸಾಕ. ಅಮೇರಿಕಾದ ಡೈರೆಕ್ಟರ್ ಸಿಡ್ನಿ ಲ್ಯೂಮೆಟ್ 1957ರಾಗ ತೆಗೆದ '12 ಆ್ಯಂಗ್ರಿ ಮೆನ್' 96 ನಿಮಿಷದ್ದು, ಹೆಚ್ಚು ಕಮ್ಮಿ ಪೂರಾ ಒಂದೇ ಖೋಲಿಯೊಳಗ ನಡೀತದ. ಅಪ್ಪನ್ನ ಕೊಂದಾನ ಅಂತ ಒಬ್ಬ ಹುಡುಗನ ಮ್ಯಾಲ ಕೇಸು, 12 ಮಂದಿ ಜ್ಯೂರಿ, ಅಂದ್ರ ಹುಡುಗ ತಪ್ಪಿತಸ್ಥನೋ ಅಲ್ಲೋ ಅಂತ ಕೂಡಿ ಹೇಳಾಕ ಕೋರ್ಟಿಗೆ ಕರೆಸಿದ ಸಾದಾ ಮಂದಿ, ಮೊದಲ್ನೇ ಸಲ ವೋಟ್ ಹಾಕಿದಾಗ 11 ಮಂದಿ ತಪ್ಪಿತಸ್ಥ ಅಂತಾರ, ಒಬ್ಬನೇ ಒಬ್ಬ ಒಪ್ಪಂಗಿಲ್ಲ. ಇಂಥಾ ಚಾಕು ಊರಾಗೆಲ್ಲೂ ಸಿಗಂಗಿಲ್ಲ ಅಂತ ಉಳಿದವ್ರು ವಾದ ಮಾಡೋವಾಗ ಅಂವ ಕಿಸೆದಾಗಿಂದ ಥೇಟ್ ಅಂಥಾದೇ ಚಾಕು ತೆಗೆದು ಟೇಬಲ್ಲಿಗೆ ಚುಚ್ತಾನ. ಯಾವ ಫೈಟಿಗಿಂತ ಕಮ್ಮಿ ಅದ ಹೇಳ್ರಿ ಅದು? ಅದ್ರಾಗ ಲ್ಯೂಮೆಟ್ ಕ್ಯಾಮೆರಾ ಮೊದಲು ಕಣ್ಣಿಗಿಂತ ಮ್ಯಾಲ ಇಟ್ಟಾನ, ಆಮ್ಯಾಲ ಕಣ್ಣಿನ ಸಮಕ್ಕ, ಕಡೀಗೆ ಕಣ್ಣಿಗಿಂತ ಕೆಳಗ ಇಳಿಸ್ಯಾನ, ಲೆನ್ಸೂ ಬದಲು ಮಾಡ್ಕೋತ ಹೋಗ್ಯಾನ, ಹಂಗಾಗಿ ಗ್ವಾಡಿ ಹತ್ರ ಬಂದಂಗ ಅನಿಸ್ತದ, ಛತ್ತು ತಲಿ ಮ್ಯಾಲೇ ಕುಂತಂಗ ಅನಿಸ್ತದ, ನೋಡೋರಿಗೆ ಯಾಕ ಉಸುರು ಕಟ್ಲಿಕತ್ತದ ಅಂತ ಗೊತ್ತೂ ಆಗಂಗಿಲ್ಲ. ಬಿಡುಗಡೆ ಆದಾಗ ಅದು ರೊಕ್ಕ ಮಾಡ್ಲಿಲ್ಲ ಅನ್ನೋದೂ ಖರೇ. ಆದ್ರ ಇಷ್ಟು ವರ್ಷ ಆದ್ರೂ ಮಂದಿ ನೋಡ್ಲಿಕತ್ತಾರ.

ಬಾಸು ಚಟರ್ಜಿ ಅದನ್ನೇ 1986ರಾಗ ಹಿಂದಿಯೊಳಗ 'ಏಕ್ ರುಕಾ ಹುವಾ ಫೈಸ್ಲಾ' ಅಂತ ಮಾಡಿದ್ರು. ಆ ಹೊತ್ತಿಗೆ ನಮ್ಮ ದೇಶದಾಗ ಕೊಲಿ ಕೇಸಿಗೆ ಜ್ಯೂರಿ ಪದ್ಧತಿನೇ ಇರ್ಲಿಲ್ಲ. ಆದ್ರೂ ತಿಳೀತು, ಯಾಕಂದ್ರ ಒಬ್ಬ ಮನುಷ್ಯಾ ಇನ್ನೊಬ್ಬನ ಮನಸ್ಸು ತಿರುಗಿಸೋದು ಎಲ್ಲಾ ಊರಾಗೂ ಒಂದೇ.

ಇನ್ನ ದೂರ ಯಾಕ ಹೋಗ್ಬೇಕ್ರಿ, ಬಸವಕಲ್ಯಾಣ ನಮ್ಮ ಬೀದರ್ ಜಿಲ್ಲಾದಾಗೇ ಅದ. 15ನೇ ಶತಮಾನದಾಗ ಶುರು ಆದ ಶೂನ್ಯಸಂಪಾದನೆಗಳು ವಚನಗಳನ್ನ ಪೋಣಿಸಿರೋದೇ ಸಂವಾದದ ರೂಪದಾಗ. ಅಕ್ಕಮಹಾದೇವಿ ಕಲ್ಯಾಣಕ್ಕ ಬಂದಾಗ ನಿನ್ನ ಗಂಡ ಯಾರು ಅಂತ ಅಲ್ಲಮಪ್ರಭು ಕೇಳ್ತಾನ, ಸೀರೆ ಬಿಟ್ಟಾಕಿ ಕೂದಲಿಂದ ಮೈ ಯಾಕ ಮರೆ ಮಾಡ್ಕೊಂಡಿ ಅಂತ ಕೇಳ್ತಾನ, ಶರಣರೆಲ್ಲಾ ಕುಂತ ಸಭಾದಾಗ ಆಕಿ ಒಂದೊಂದಕ್ಕೂ ಉತ್ತರ ಕೊಡ್ತಾಳ. ಇದಕ್ಕಿಂತ ದೊಡ್ಡ ಸ್ಕ್ರಿಪ್ಟ್ ಎಲ್ಲಿ ಸಿಗ್ತದ? ಇಂಥಾ ನೆಲದ ಮಂದಿಗೆ ಮಾತು ಕೇಳೋ ತಾಳ್ಮಿ ಇಲ್ಲ ಅಂದ್ರ ನನಗ ಸಂಕಟ ಆಗ್ತದ.

ಮಂದಿ ಎದ್ದು ಹೋಗೋದು ಮಾತಿಗಲ್ಲ, ಭಾಷಣಕ್ಕ. ಹೀರೋ ಡೈಲಾಗ್ ಹೊಡಿತಾನ, ಎದುರಿಗಿದ್ದಾಂವ ಗಪ್ ಕುಂದ್ರತಾನ, ಇಲ್ಲಾ ಇಬ್ರೂ ಡೈರೆಕ್ಟರ್ ವಿಚಾರನೇ ಪಾಳಿ ಮ್ಯಾಲ ಹೇಳ್ತಾರ. ಸೀನ್ ಶುರು ಆದಾಗ ಇದ್ದಂಗೇ ಮುಗಿದಾಗೂ ಇಬ್ರೂ ಇದ್ರ ಅದು ಮಾತುಕತಿ ಹೆಂಗಾಗ್ತದ? ಥೇಟರ್‌ಗಳದ್ದೂ ಒಂದು ಮಾತು ಹೇಳ್ಬೇಕು, ಎಷ್ಟೋ ಕಡೆ ಸೌಂಡು ಹಾಡಿಗೆ ಗುಂಯ್ ಅಂತದ, ಸಣ್ಣ ದನಿಯೊಳಗ ಆಡಿದ ಮಾತು ಹಿಂದಿನ ಸೀಟಿಗೆ ಮುಟ್ಟಂಗಿಲ್ಲ. ಮ್ಯಾಲ ಒಂದೂವರೆ ತಾಸಿನ ಸಿನಿಮಾಕ್ಕೂ ಇಂಟರ್‌ವಲ್ ಬೇಕೇ ಬೇಕು ಅಂತಾರ, ಬಿಗಿ ಆಗಿದ್ದ ಮಾತು ಅಲ್ಲೇ ಹರಿದು ಹೋಗ್ತದ.

ಕಲಬುರಗಿ ಸಿನಿಮಾ ಆಸಕ್ತರಿಗೆ, ರಂಗಾಯಣದವ್ರಿಗೆ ನಿಮ್ಮ ಪತ್ರಿಕೆ ಮೂಲಕ ಕೈ ಮುಗಿದು ಕೇಳ್ಕೋತೀನಿ, ಎಸ್.ಎಂ. ಪಂಡಿತ ರಂಗಮಂದಿರದಾಗ ಒಂದು ಐತವಾರ ಸಂಜಿಗೆ 'ಏಕ್ ರುಕಾ ಹುವಾ ಫೈಸ್ಲಾ' ತೋರ್ಸ್ರಿ, ಹಿಂದಿ ಉರ್ದು ನಮ್ಮ ಕಡೆ ಭಾಳ ಮಂದಿಗೆ ತಿಳೀತದ. ನಡುವ ಇಂಟರ್‌ವಲ್ ಬ್ಯಾಡ. ಮುಗಿದ ಮ್ಯಾಲ ಲೈಟ್ ಹಚ್ಚಿ ಅರ್ಧ ತಾಸು ನೋಡಿದವ್ರನ್ನೇ ಮಾತಾಡ್ಸ್ರಿ. ಟಿಕೆಟ್ ಇಟ್ರೂ ಬರ್ತೀವಿ, ಮನಿ ಮಂದೀನೂ ಕರ್ಕೊಂಡು ಬರ್ತೀವಿ.

ಇತಿ,
ಒಬ್ಬ ಓದುಗ, ಕಲಬುರಗಿ