ಮೆಕೆನ್ನಾಸ್ ಗೋಲ್ಡ್ ಬರೆದೋನ ಕಥೆ ಗೊತ್ತೇನೋ ಸೀನ?

ಲೋ ಸೀನ,

ನೆನಪಿದ್ಯಾ, ನಮ್ಮಪ್ಪ ‘ಮೆಕೆನ್ನಾಸ್ ಗೋಲ್ಡ್’ ಕಥೆ ಶುರು ಮಾಡಿದ್ರೆ ತಟ್ಟೇಲಿ ಅನ್ನ ಆರಿ ಹೋದ್ರೂ ನಿಲ್ಲಿಸ್ತಿರ್ಲಿಲ್ಲ, ಬೆಳಗಿನ ಬಿಸಿಲಿಗೆ ಬಂಡೆ ನೆರಳು ಉದ್ದಕ್ಕೆ ಹರಿದು ಕಣಿವೆ ದಾರಿ ತೋರ್ಸೋದು, ಕೊನೇಲಿ ಹೀರೋಗೇ ಗೊತ್ತಿಲ್ದಂಗೆ ಕುದುರೆ ಚೀಲದಲ್ಲಿ ಚಿನ್ನ ಉಳ್ಕೊಳ್ಳೋದು... 1969ರಲ್ಲಿ ಅಮೆರಿಕದಲ್ಲಿ ತೋಪಾದ ಪಿಕ್ಚರ್‌ನ ನಮ್ಮ ಜನ ಸೀಟಿ ಹೊಡ್ದು ಗೆಲ್ಲಿಸಿದ್ರು. ಅದನ್ನ ಬರೆದೋನು ಕಾರ್ಲ್ ಫೋರ್‌ಮನ್ ಅಂತ, ಷಿಕಾಗೋದೋನು. ಅವನ ಕಥೆ ಓದ್ದಾಗಿಂದ ನಿಂಗೆ ಹೇಳ್ಬೇಕು ಅಂತ ಒದ್ದಾಡ್ತಿದೀನಿ.

1951ರಲ್ಲಿ ಅವನೇ ಬರೆದ ‘ಹೈ ನೂನ್’ ಪಿಕ್ಚರ್ ಕೆಲಸ ನಡೀತಿರೋವಾಗ್ಲೇ, ಸಿನಿಮಾದೋರಲ್ಲಿ ಕಮ್ಯುನಿಸ್ಟರನ್ನ ಹುಡುಕ್ತಿದ್ದ ಅಮೆರಿಕನ್ ಸಂಸತ್ತಿನ ಕಮಿಟಿಯಿಂದ ಸಮನ್ಸ್ ಬಂತು. ಹಿಂದೊಮ್ಮೆ ಕಮ್ಯುನಿಸ್ಟ್ ಪಾರ್ಟಿ ಮೆಂಬರ್ ಆಗಿದ್ದ, ಆಮೇಲೆ ಬಿಟ್ಟಿದ್ದ. ಜೊತೇಲಿದ್ದೋರ ಹೆಸರು ಹೇಳು ಅಂದ್ರು, ಹೇಳ್ಲಿಲ್ಲ. ಅಷ್ಟೇ, ಬಿಸಿನೆಸ್ ಪಾರ್ಟ್ನರ್ ಸ್ಟ್ಯಾನ್ಲಿ ಕ್ರೇಮರ್ ಸಮೇತ ಒಬ್ಬೊಬ್ರೇ ದೂರ ಸರಿದ್ರು.

ಈಗ ಆ ಪಿಕ್ಚರ್ ನೋಡು. ಮಧ್ಯಾಹ್ನ 12ರ ಟ್ರೈನಿಗೆ ಕೊಲೆಗಾರ ಬರ್ತಾನೆ, ಊರು ಕಾಯೋ ಪೊಲೀಸ್ ಅಧಿಕಾರಿ, ಅಂದ್ರೆ ಮಾರ್ಷಲ್, ಚರ್ಚಿಗೆ ಹೋಗಿ ಯಾರಾದ್ರೂ ಜೊತೆಗೆ ಬನ್ನಿ ಅಂತಾನೆ, ಎಲ್ರೂ ಒಳ್ಳೆ ಮಾತಾಡ್ತಾರೆ ಆದ್ರೆ ಒಬ್ಬನೂ ಎದ್ದು ಬರಲ್ಲ, ಒಬ್ಬ ಅಂತೂ ಮನೆ ಒಳಗಿದ್ಕೊಂಡೇ ಇಲ್ಲ ಅಂತ ಹೆಂಡ್ತಿ ಕೈಲಿ ಹೇಳಿಸ್ತಾನೆ! ಗೋಡೆ ಗಡಿಯಾರ ಮಾತ್ರ ಓಡ್ತಾನೇ ಇರುತ್ತೆ. ಅದು ಫೋರ್‌ಮನ್‌ದೇ ಪಾಡು ಕಣೋ.

ಹೀರೋ ಗ್ಯಾರಿ ಕೂಪರ್ ರಾಜಕೀಯದಲ್ಲಿ ಪಕ್ಕಾ ಎದುರು ಪಾರ್ಟಿ, ಆದ್ರೂ ಇವನ ಪರ ನಿಂತ. ಇನ್ನೊಬ್ಬ ದೊಡ್ಡ ಹೀರೋ ಜಾನ್ ವೇನ್ ಮಾತ್ರ ಇವನನ್ನ ದೇಶ ಬಿಟ್ಟು ಓಡಿಸೋಕೆ ಕೈ ಜೋಡಿಸಿದ್ದಕ್ಕೆ ಪಶ್ಚಾತ್ತಾಪನೇ ಇಲ್ಲ ಅಂತ 1971ರಲ್ಲಿ ಜಂಬದಿಂದ ಹೇಳ್ಕೊಂಡ. ಇನ್ನೊಂದ್ ತಮಾಷೆ ಕೇಳು, ಇದೇ ಪಿಕ್ಚರಿಗೆ ಕೂಪರ್‌ಗೆ ಆಸ್ಕರ್ ಬಂದಾಗ ಅವನ ಪರವಾಗಿ ಸ್ಟೇಜ್ ಹತ್ತಿ ಇಸ್ಕೊಂಡೋನು ಇದೇ ವೇನ್, ಈ ಪಾತ್ರ ನಂಗ್ಯಾಕೆ ಸಿಗ್ಲಿಲ್ಲ ಅಂತ ಜೋಕ್ ಬೇರೆ!

ಹಾಲಿವುಡ್‌ನಲ್ಲಿ ಕೆಲಸ ಸಿಗ್ದಂಗಾಗಿ ಫೋರ್‌ಮನ್ ಇಂಗ್ಲೆಂಡಿಗೆ ಹೋಗಿ, ಹೆಸರು ಹಾಕ್ಕೊಳ್ಳೋಕಾಗ್ದೆ ಕದ್ದುಮುಚ್ಚಿ ಬರೆದ. ಮೈಕೆಲ್ ವಿಲ್ಸನ್ ಮತ್ತೆ ಅವನು ಬರೆದ ‘ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ಗೆ ಆಸ್ಕರ್ ಬಂತು, ಆದ್ರೆ ಕೊಟ್ಟಿದ್ದು ಮೂಲ ಕಾದಂಬರಿಕಾರ ಪಿಯರ್ ಬೂಲ್‌ಗೆ, ಅವನೋ ಇಂಗ್ಲಿಷಲ್ಲಿ ಬರೆಯೋನೇ ಅಲ್ಲ. ಇವರಿಬ್ರ ಹೆಸರಲ್ಲಿ ಆ ಪ್ರಶಸ್ತಿ ಬಂದಿದ್ದು 1984ರಲ್ಲಿ ಫೋರ್‌ಮನ್ ಸತ್ತ ಮೇಲೆ, ವಿಲ್ಸನ್ ಅಷ್ಟೊತ್ತಿಗಾಗ್ಲೇ ಹೋಗಿದ್ದ.

ಮೊನ್ನೆ ಇದೆಲ್ಲ ಅಪ್ಪಂಗೆ ಹೇಳ್ದೆ. ಸುಮ್ನೆ ಕೇಳಿಸ್ಕೊಂಡು, ‘ಅದಿರ್ಲಿ, ಹೀರೋ ಆ ಚೀಲ ಬಿಚ್ಚಿ ನೋಡಿದ್ನಾ ಇಲ್ವಾ?’ ಅಂದ್ರು.

ಭಾನುವಾರ ಬಾರೋ. ‘ಹೈ ನೂನ್’ 85 ನಿಮಿಷ ಅಷ್ಟೇ, ಊಟಕ್ಕೆ ಮುಂಚೆ ಮುಗಿಯುತ್ತೆ.

ನಿನ್ನ,
ರಘು