ಹನ್ನೊಂದಕ್ಕೆ ಒಂದು ನಿಮಿಷ ಬಾಕಿ ಇತ್ತು

ಪ್ರೀತಿಯ ರಘು,

ಯುದ್ಧ ನಿಲ್ಲುತ್ತೆ ಅಂತ ಗೊತ್ತಾದ ಮೇಲೂ ಯಾರಾದರೂ ಸಾಯ್ತಾರೇನೋ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೇ ಈ ಕಾಗದ. ಸಾಯ್ತಾರೆ ಕಣೋ. ಮೊದಲ ಮಹಾಯುದ್ಧದ ಕೊನೆಯ ದಿನ, 1918ರ ನವೆಂಬರ್ 11ರಂದು, ಎರಡೂ ಕಡೆ ಸೇರಿ ಸುಮಾರು 2,700 ಜನ ಸತ್ತರು. ಅವರಲ್ಲೊಬ್ಬ ಹೆನ್ರಿ ಗುಂಥರ್.

ಬಾಲ್ಟಿಮೋರ್‌ನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದವನು. ಮನೆತನ ಜರ್ಮನ್ ಮೂಲದ್ದು. 1917ರಲ್ಲಿ ಅಮೆರಿಕ ಕಡ್ಡಾಯ ಸೇನಾ ಸೇವೆಯ ಕಾನೂನು ತಂದಾಗ ಅವನನ್ನೂ ಎಳೆದುಕೊಂಡರು. ಫ್ರಾನ್ಸಿನಿಂದ ಊರಿನ ಗೆಳೆಯನಿಗೆ ಬರೆದ: ಇಲ್ಲಿ ಪಾಡು ಬಹಳ ಕೆಟ್ಟದಾಗಿದೆ, ಹೇಗಾದರೂ ಮಾಡಿ ಸೇನೆಗೆ ಬರೋದನ್ನ ತಪ್ಪಿಸಿಕೋ ಅಂತ. ಕಾಗದ ಸೆನ್ಸಾರ್‌ನವರ ಕೈಗೆ ಸಿಕ್ಕಿತು. ಸಾರ್ಜೆಂಟ್ ಆಗಿದ್ದವನನ್ನ ಸಾದಾ ಸಿಪಾಯಿ ಮಾಡಿದರು. ಗೆಳೆಯನಿಗೆ ಮನಸ್ಸು ಬಿಚ್ಚಿ ಬರೆದದ್ದಕ್ಕೆ ಶಿಕ್ಷೆ!

ನನಗೆ ಸಂಕಟವಾಗೋದು ಆ ಕೊನೆಯ ದಿನಗಳ ಲೆಕ್ಕಾಚಾರ ನೋಡಿ. ಮಾತುಕತೆ ಮುಗಿಯೋವರೆಗಾದರೂ ಕಾದಾಟ ನಿಲ್ಲಿಸಿ ಅಂತ ಜರ್ಮನ್ ನಿಯೋಗ 8ರಂದೇ ಕೇಳಿಕೊಂಡಿತ್ತು. ಮಿತ್ರಪಡೆಗಳ ದಂಡನಾಯಕ ಮಾರ್ಷಲ್ ಫೋಶ್ ಒಪ್ಪಲಿಲ್ಲ. 11ರ ಬೆಳಗಿನ ಜಾವ ಐದು ದಾಟಿದ ಮೇಲೆ ಕದನವಿರಾಮದ ಒಪ್ಪಂದಕ್ಕೆ ಸಹಿ ಬಿತ್ತು, ಜಾರಿಗೆ ಬರೋದು ಮಾತ್ರ ಹನ್ನೊಂದಕ್ಕೆ. ಕೆಲವು ಅಧಿಕಾರಿಗಳು ತಮ್ಮ ಹುಡುಗರನ್ನ ಇದ್ದಲ್ಲೇ ತಡೆದರು. ಗುಂಥರ್‌ನ ಬ್ರಿಗೇಡಿಗೆ ಬಂದ ಆಜ್ಞೆ ಬೇರೆ: ಹನ್ನೊಂದರವರೆಗೂ ಬಿಡಬೇಡಿ. ಒಪ್ಪಂದದ ಪ್ರಕಾರ ಆ ನೆಲವನ್ನ ಹದಿನೈದು ದಿನದೊಳಗೆ ಜರ್ಮನರು ತಾವಾಗಿಯೇ ಬಿಟ್ಟು ಹೋಗಬೇಕಿತ್ತು!

ಶೋಮೋಂ ಅನ್ನೋ ಹಳ್ಳಿಯ ಹತ್ತಿರ, ಮಂಜು ಕವಿದಿತ್ತು. ಎದುರಿಗೆ ಜರ್ಮನರ ಮಷಿನ್ ಗನ್. ಗುಂಥರ್ ಎದ್ದವನೇ ಬಯೊನೆಟ್ ಹಿಡಿದು ಓಡಿದ. ನಿಲ್ಲು ಅಂತ ಜೊತೆಯವರು ಹಿಂದಿನಿಂದ ಕೂಗಿದರು. ಎದುರಿನ ಜರ್ಮನರೂ ಕೈ ಬೀಸಿ, ತಮಗೆ ಬರೋ ಹರುಕು ಇಂಗ್ಲಿಷಿನಲ್ಲಿ, ಹಿಂದಕ್ಕೆ ಹೋಗು ಅಂತ ಕೂಗಿಕೊಂಡರು. ಅವನು ನಿಲ್ಲಲಿಲ್ಲ. ಗುಂಡು ಹಾರಿತು. ಆಗ ಗಂಟೆ 10:59.

ಸತ್ತ ಮೇಲೆ ಸಾರ್ಜೆಂಟ್ ದರ್ಜೆ ವಾಪಸ್ ಕೊಟ್ಟರು, ಪದಕವನ್ನೂ ಕೊಟ್ಟರು. ಕಳೆದ ಮಾನ ಗಳಿಸೋಕೆ ಓಡಿದ ಅಂತ ಜೊತೆಗಿದ್ದವರು ಹೇಳಿದರು. ಇರಬಹುದು. ಆದರೆ ಅವನು ಯಾಕೆ ಓಡಿದ ಅನ್ನೋದಕ್ಕಿಂತ, ಆ ಹೊತ್ತಿನಲ್ಲಿ ಅವನನ್ನ ಅಲ್ಲಿ ಯಾಕೆ ನಿಲ್ಲಿಸಿದ್ದರು ಅನ್ನೋದೇ ನನ್ನನ್ನ ಕಾಡುತ್ತೆ.

ನಿಮ್ಮ ತಂದೆ 71ರ ಯುದ್ಧದಲ್ಲಿದ್ದವರಲ್ಲವೇ? ಡಿಸೆಂಬರ್ 17ರ ರಾತ್ರಿ ಎಂಟಕ್ಕೆ ಕದನವಿರಾಮ ಅಂತ ತಿಳಿದ ಮೇಲೆ ಅವರ ತುಕಡಿಯಲ್ಲಿ ಏನು ನಡೀತು? ಅವರಿಗೆ ಬೇಸರವಾಗದಿದ್ದರೆ ಕೇಳಿ ನನಗೆ ಬರಿ.

ನಿನ್ನ,
ಶ್ರೀನಿವಾಸ